ಶಾಲೆಗೆ ಬಾರದ ಮಕ್ಕಳ ಊರುಗಳಲ್ಲಿ ಒಂದು ವರ್ಷ

ಪುರಾಣ ಪ್ರವಚನವನ್ನು ನೆಚ್ಚಿಕೊಂಡ ನನ್ನಂಥವನಿಗೆ ಊರೂರು ಸುತ್ತುವುದು ಕಾಯಕದ ಒಂದು ಅಂಗವೇ ಸರಿ. ಕಳೆದ ಒಂದು ವರ್ಷದ ಅವಧಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ ಮತ್ತು ಸವಣೂರು ಸೀಮೆಗಳಲ್ಲಿ ನಾಲ್ಕು ಸಲ ಕೆಲವು ದಿನ ತಂಗುವ ಸುಯೋಗ ಒದಗಿತು. ಧಾರವಾಡ ಜಿಲ್ಲೆಯ ಮಡಿಲಲ್ಲಿದ್ದು 1997ರಲ್ಲಿ ಬೇರೆ ಜಿಲ್ಲೆಯಾದ ಈ ನಾಡು ಶರಣರ, ದಾಸರ, ಸಂತರ ನೆಲ. ಪ್ರವಚನ ಸಾಯಂಕಾಲಕ್ಕೆ, ಹಗಲೆಲ್ಲ ನನಗೆ ಬಿಡುವು. ಹಳ್ಳಿಗಳಲ್ಲಿ ಮಠಕ್ಕೂ ಸರಕಾರಿ ಕನ್ನಡ ಶಾಲೆಗೂ ಬಹುತೇಕ ಕೂಗಳತೆಯ ದೂರ. ಪ್ರಾರ್ಥನೆಯ ಗಂಟೆ ಕೇಳಿದೊಡನೆ ಕಾಲು ತಾನಾಗಿಯೇ ಆ ಕಡೆಗೆ ಹೊರಳುತ್ತಿತ್ತು. ಗುಡಿ ಗುಂಡಾರಗಳನ್ನು ನೋಡಿ ಬರಬೇಕೆಂದು ಹೊರಟವನು ಕೊನೆಗೆ ನೋಡಿ ಬಂದದ್ದು ಶಾಲೆಯ ಹಾಜರಿ ಪುಸ್ತಕಗಳನ್ನು. ಅವು ನನಗೆ ಹೇಳಿದ ಸಂಗತಿಯನ್ನು ವಾಚಕ ಬಂಧುಗಳ ಮುಂದೆ ಇಡುವುದು ಈ ಬರಹದ ಉದ್ದೇಶ.

ಆಷಾಢದಲ್ಲಿ ಹಾನಗಲ್ಲ

ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲ. ಕದಂಬರ ಒಂದು ಶಾಖೆ ಆಳಿದ ಊರು. ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ತಲೆಯೆತ್ತಿದರೆ, ಕಲ್ಲಿನ ತಾವರೆ ತಲೆಕೆಳಗಾಗಿ ಅರಳಿದಂತಿರುವ ಆ ಮೇಲ್ಛಾವಣಿ ಕಣ್ಣನ್ನು ಕದಲಗೊಡುವುದಿಲ್ಲ. ಅರೆಮಲೆನಾಡಿನ ಮಳೆ, ಕೆಂಪು ಕೆಸರು, ಕೂರಿಗೆಯಿಂದ ಬಿತ್ತಿದ ಭತ್ತದ ಹಸಿರು ಇವೆಲ್ಲ ಆಷಾಢದಲ್ಲಿ ಇಲ್ಲಿಯ ಚೆಲುವು. ಆದರೆ ಆ ಭತ್ತಕ್ಕೆ ಕಳೆ ತೆಗೆಯಬೇಕಾದುದೂ ಇದೇ ತಿಂಗಳು. ಊರಿಗೂ ಶಾಲೆಗೂ ನಡುವೆ ಹಳ್ಳ ತುಂಬಿ ಹರಿಯುವುದೂ ಇದೇ ತಿಂಗಳು.

ಒಂದು ಹಿರಿಯ ಪ್ರಾಥಮಿಕ ಶಾಲೆಯ ಆರನೆಯ ತರಗತಿಯಲ್ಲಿ ಕುಳಿತೆ. ನಲವತ್ತು ಮಕ್ಕಳ ಹೆಸರು, ಮೂವತ್ತಾರು ಮಕ್ಕಳು ಹಾಜರು. ನೂರಕ್ಕೆ ತೊಂಬತ್ತು! ನಾನು ಸಂತೋಷ ಸೂಚಿಸಿದೆ. ಆ ತರಗತಿಯ ಅಕ್ಕೋರು ನಕ್ಕು, ಹಾಜರಿ ಪುಸ್ತಕವನ್ನು ನನ್ನ ಮುಂದೆ ಸರಿಸಿ, “ಶಾಸ್ತ್ರಿಗಳ, ನೀವು ಮ್ಯಾಲಿಂದ ಕೆಳಗ ಓದಾಕತ್ತೀರಿ. ಅಡ್ಡ ಓದ್ರಿ” ಎಂದರು.

ಆ ಮಾತು ನನ್ನ ಕಣ್ಣು ತೆರೆಯಿಸಿತು. ಮೇಲಿನಿಂದ ಕೆಳಗೆ ಓದಿದರೆ ಒಂದು ದಿನದ ಎಣಿಕೆ ಸಿಗುತ್ತದೆ. ಅಡ್ಡಲಾಗಿ ಓದಿದರೆ ಒಂದು ಮಗುವಿನ ಜೀವನ ಸಿಗುತ್ತದೆ. ಲೆಕ್ಕ ಸರಳವಾದುದು. ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟನೆಯ ತರಗತಿಗೆ 220 ದಿನ ಶಾಲೆ ನಡೆಯಬೇಕು. ದಿನಕ್ಕೆ ನಾಲ್ಕು ಮಕ್ಕಳಂತೆ 220 ದಿನ ತಪ್ಪಿದರೆ ಒಟ್ಟು 880 ದಿನಗಳ ಪಾಠ ಹೋಯಿತು. ಈ ನಷ್ಟವನ್ನು ನಲವತ್ತು ಮಕ್ಕಳೂ ಸಮನಾಗಿ ಹಂಚಿಕೊಂಡರೆ ತಲೆಗೆ 22 ದಿನ. ಆದರೆ ನಷ್ಟ ಎಂದೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಅದು ಎಂಟೇ ಮಕ್ಕಳ ಮೇಲೆ ಬಿದ್ದರೆ ತಲೆಗೆ 110 ದಿನ, ಅಂದರೆ ಅರ್ಧ ವರ್ಷ! ತರಗತಿಯ ಸರಾಸರಿ ಮಾತ್ರ ಎರಡೂ ಸಂದರ್ಭಗಳಲ್ಲಿ ನೂರಕ್ಕೆ ತೊಂಬತ್ತೇ. ಹತ್ತು ದಿನಕ್ಕೆ ಒಂದು ದಿನ ತಪ್ಪಿಸುವ ಮಗುವಿನ ಕಲಿಕೆ ಅಪಾಯದಲ್ಲಿದೆ ಎಂದು ಹೊರದೇಶಗಳ ಶಿಕ್ಷಣ ತಜ್ಞರೂ ಎಚ್ಚರಿಸುತ್ತಾರೆ. ಅದು ತಿಂಗಳಿಗೆ ಎರಡೇ ದಿನ! ತಿಂಗಳಿಗೆ ಎರಡು ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಂಡಿಲ್ಲವೆಂದು ನಮ್ಮಲ್ಲಿ ಎಷ್ಟು ಮನೆಯವರು ಎದೆ ತಟ್ಟಿ ಹೇಳಬಲ್ಲರು?

ಹಾನಗಲ್ಲದ ವಿರಕ್ತ ಮಠದಲ್ಲಿ ಕುಮಾರ ಶಿವಯೋಗಿಗಳನ್ನು ನೆನೆದು ಕುಳಿತಾಗ ಈ ಲೆಕ್ಕವೇ ಮನಸ್ಸನ್ನು ಕಾಡಿತು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನೂ ಕಟ್ಟಿದ ಆ ಪೂಜ್ಯರು ವಿದ್ಯೆಯನ್ನು ಮಠದೊಳಗೆ ಕಟ್ಟಿಹಾಕಿ ಕೂಡಲಿಲ್ಲ. ಇದೇ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ ಹುಟ್ಟು ಕುರುಡ. ಅಣ್ಣನೂ ಕುರುಡ. ಲೋಕದ ಲೆಕ್ಕದಲ್ಲಿ ಯಾವ ಶಾಲೆಗೂ ಸೇರದ ಮಕ್ಕಳು. ಆ ಕಂಠಗಳಲ್ಲಿದ್ದುದನ್ನು ಗುರುತಿಸಿ ಸಂಗೀತ ವಿದ್ಯೆಗೆ ಒಪ್ಪಿಸಿದವರು ಕುಮಾರ ಶಿವಯೋಗಿಗಳು. ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರ ನೆರಳಿನಲ್ಲಿ ಬೆಳೆದ ಇದೇ ತಾಲೂಕಿನ ಇನ್ನೊಂದು ಅಂಧ ಶಿಶು ಗದುಗಿನ ಪುಟ್ಟರಾಜ ಗವಾಯಿಗಳಾದರು. ಮಗು ವಿದ್ಯೆಯ ಬಾಗಿಲಿಗೆ ಬಾರದಿದ್ದರೆ ವಿದ್ಯೆಯೇ ಮಗುವಿನ ಬಾಗಿಲಿಗೆ ಹೋಗಬೇಕು. ಇದಕ್ಕಿಂತ ದೊಡ್ಡ ಹಾಜರಿಯ ಪಾಠ ನನಗೆ ಬೇರೆ ತೋಚುವುದಿಲ್ಲ.

ಶ್ರಾವಣದಲ್ಲಿ ಹಿರೇಕೆರೂರು

ಶ್ರಾವಣ ಮಾಸದ ಪ್ರವಚನ ಹಿರೇಕೆರೂರು ಸೀಮೆಯ ಒಂದು ಊರಿನಲ್ಲಿ. ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡ ಅಬಲೂರು ಈ ತಾಲೂಕಿನದು. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವಿರುವ ಸೋಮೇಶ್ವರ ಗುಡಿಯೂ ಅಲ್ಲಿಯೇ ಇದೆ. ಆ ಕಲ್ಲಿನ ಅಕ್ಷರಗಳ ಮೇಲೆ ಕೈಯಾಡಿಸುವಾಗ ಎಂಟುನೂರು ವರ್ಷಗಳಾಚೆಯ ಲಿಪಿಕಾರನ ಉಸಿರು ತಾಗಿದಂತಾಗುತ್ತದೆ.

ಈ ಭಾಗದ ರೈತರು ಬೀಜೋತ್ಪಾದನೆಯಲ್ಲಿ ಹೆಸರಾದವರು. ಹೈಬ್ರಿಡ್ ಹತ್ತಿಯ ಬೀಜ ತಾನಾಗಿ ಆಗುವುದಿಲ್ಲ. ಸಂಜೆಯ ಹೊತ್ತು, ಮರುದಿನ ಅರಳಲಿರುವ ಮೊಗ್ಗನ್ನು ಆರಿಸಿ, ಅದರೊಳಗಿನ ಕೇಸರಗಳನ್ನು ಉಗುರಿನಿಂದ ನಾಜೂಕಾಗಿ ಬಿಡಿಸಿ ಗುರುತು ಮಾಡಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂವನ್ನು ತಂದು ಪರಾಗವನ್ನು ಸವರಬೇಕು. ಇದನ್ನು ಜನ ‘ಕ್ರಾಸಿಂಗ್’ ಎನ್ನುತ್ತಾರೆ. ಹೂ ಬಿಡುವ ಕಾಲ ಮುಗಿಯುವತನಕ, ವಾರಗಟ್ಟಲೆ, ಒಂದು ದಿನವೂ ತಪ್ಪುವಂತಿಲ್ಲ. ಗಿಡದ ಎತ್ತರ ಮಗುವಿನ ಎತ್ತರಕ್ಕೆ ಸರಿಸಾಟಿ. ಮಗುವಿನ ಬೆರಳು ಸಣ್ಣದು. ಪರಾಗ ಸವರುವ ಹೊತ್ತಿಗೂ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೂ ಅಂತರವಿಲ್ಲ. ಹತ್ತಿ ಹೂ ಬಿಡುವ ತಿಂಗಳಲ್ಲಿ ಇಲ್ಲಿಯ ಬೆಂಚುಗಳು ಏಕೆ ಖಾಲಿಯಾಗುತ್ತವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಮುಂಜಾನೆ ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದಾಗ, ತಂದೆಯೊಂದಿಗೆ ಕೆಲಸದಲ್ಲಿ ತೊಡಗಿದ್ದ ಹನ್ನೊಂದು ವರ್ಷದ ಹುಡುಗನನ್ನು ಕಂಡೆ. “ಶಾಲೆಗೆ ಏಕೆ ಕಳಿಸಲಿಲ್ಲಪ್ಪಾ?” ಎಂದು ಕೇಳಿದೆ. ಆ ರೈತ ಕೈ ಮುಗಿದ. ಅವನ ಮಾತಿನಲ್ಲಿ ಗೌರವವಿತ್ತು, ಆದರೆ ಅಂಜಿಕೆ ಇರಲಿಲ್ಲ. “ಕಾಯಕದಾಗ ಕೈಲಾಸ ಐತಿ ಅಂತ ನಿನ್ನಿ ರಾತ್ರಿ ನೀವ ಹೇಳಿದ್ರಲ್ರೀ ಶಾಸ್ತ್ರಿಗಳ. ನನ್ನ ಮಗಾ ಕಾಯಕ ಮಾಡಾಕತ್ಯಾನ. ತಪ್ಪೇನ್ರೀ?”

ನಾನು ನಿರುತ್ತರನಾದೆ. ನಲವತ್ತು ವರ್ಷ ಪ್ರವಚನ ಹೇಳಿದವನ ಬಾಯನ್ನು ಒಬ್ಬ ಒಕ್ಕಲಿಗ ಅವನದೇ ಮಾತಿನಿಂದ ಕಟ್ಟಿಬಿಟ್ಟಿದ್ದ. ಬೀಜದ ಕಂಪನಿಗೆ ಒಪ್ಪಿಸಬೇಕಾದ ಮಾಲು, ಬಿತ್ತನೆಗೆ ತಂದ ಸಾಲ, ಕೂಲಿಗೆ ಆಳು ಸಿಗದ ಕಷ್ಟ ಎಲ್ಲವೂ ಆ ಪ್ರಶ್ನೆಯ ಹಿಂದೆ ಇದ್ದವು. 2016ರ ತಿದ್ದುಪಡಿಯ ಬಳಿಕ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಯಾವ ದುಡಿಮೆಗೂ ಇಟ್ಟುಕೊಳ್ಳುವಂತಿಲ್ಲ. ತಾಯ್ತಂದೆಗೆ ನೆರವಾಗುವುದಿದ್ದರೂ ಅದು ಶಾಲೆಯ ವೇಳೆಯ ಆಚೆಗೆ ಎಂದು ಕಾಯಿದೆ ಹೇಳುತ್ತದೆ. ಆದರೆ ಅವನು ಕೇಳಿದ್ದು ಕಾಯಿದೆಯ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಆ ಸಂಜೆ ಸಿದ್ಧಪಡಿಸಿದ ವಿಷಯವನ್ನು ಬದಿಗಿಟ್ಟು ಸಭೆಯಲ್ಲಿ ಉತ್ತರ ಹೇಳಲು ಯತ್ನಿಸಿದೆ. ಹನ್ನೆರಡನೆಯ ಶತಮಾನದಲ್ಲಿ ನಡೆದ ಅದ್ಭುತವೇನು? ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು ಅದಕ್ಕೂ ಮುಂಚೆ ದುಡಿಯುತ್ತಲೇ ಇದ್ದರು. ದುಡಿಮೆ ಹೊಸದಲ್ಲ, ದುಡಿಯುವವರ ಕೈಗೆ ಅಕ್ಷರ ಬಂದದ್ದು ಹೊಸದು. ಅನುಭವ ಮಂಟಪದಲ್ಲಿ ಅವರು ಕುಳಿತರು, ನುಡಿದರು, ನುಡಿದದ್ದು ವಚನವಾಯಿತು. ಅರಿವಿಲ್ಲದ ದುಡಿಮೆಯನ್ನು ಶರಣರು ಕಾಯಕವೆನ್ನಲಿಲ್ಲ. ಕಾಯಕದಲ್ಲಿ ಮಾಡುವವನ ಮನಸ್ಸಿನ ಒಪ್ಪಿಗೆಯಿದೆ, ಗಳಿಸಿದ್ದನ್ನು ದಾಸೋಹಕ್ಕೆ ಸಲ್ಲಿಸುವ ಸ್ವಾತಂತ್ರ್ಯವಿದೆ. ಹನ್ನೊಂದರ ಬಾಲಕನಿಗೆ ಇವೆರಡೂ ಇಲ್ಲ. ಅವನ ವಯಸ್ಸಿಗೆ ಕಲಿಯುವುದೇ ಕಾಯಕ. ಅದನ್ನು ಬಿಡಿಸಿ ಹೊಲಕ್ಕೆ ಕರೆದೊಯ್ದರೆ ಕಾಯಕ ಕೆಡಿಸಿದ ಪಾಪ ನಮ್ಮದು. ಹೀಗೆಂದು ಹೇಳಿದೆ.

ನನ್ನ ಮಾತಿನಿಂದ ಆ ಹುಡುಗ ಮರುದಿನ ಶಾಲೆಗೆ ಬರಲಿಲ್ಲ. ಇದನ್ನು ಮುಚ್ಚಿಡಲಾರೆ. ಮೂರನೆಯ ದಿನ ಶಾಲೆಯ ಗುರುಗಳು ತಾವೇ ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಳಿತರು. ಗದರಿಸಲಿಲ್ಲ, ನೋಟೀಸು ತೋರಿಸಲಿಲ್ಲ. “ಇವ ಇಲ್ಲದ ಲೆಕ್ಕದ ಗುಂಪಿನಾಗ ಯಾರೂ ಮಾತಾಡವೊಲ್ಲರು” ಎಂದಷ್ಟೇ ಹೇಳಿದರಂತೆ. ಮರುದಿನ ಹುಡುಗ ಬಂದ. ಪ್ರವಚನಕ್ಕಿಂತ ಬದುವಿನ ಮೇಲಿನ ಆ ಅರ್ಧ ಗಂಟೆ ದೊಡ್ಡದೆಂದು ಒಪ್ಪಿಕೊಂಡೆ.

ಕಾರ್ತಿಕದಲ್ಲಿ ಶಿಗ್ಗಾಂವಿ

ದೀಪಾವಳಿ ಮುಗಿದ ಬಳಿಕ ಶಿಗ್ಗಾಂವಿಗೆ ಬಂದೆ. ಕನಕದಾಸರು ಹುಟ್ಟಿದ ಬಾಡ ಈ ತಾಲೂಕಿನಲ್ಲಿದೆ. 1819ರಲ್ಲಿ ಜನಿಸಿದ ಸಂತ ಶರೀಫರ ಶಿಶುನಾಳವೂ ಇಲ್ಲಿಯೇ. ಹಾಡಿನ ಶರೀಫರನ್ನು ಎಲ್ಲರೂ ಬಲ್ಲರು. ಅವರು ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರೆಂಬುದನ್ನು ಬಲ್ಲವರು ಕಡಿಮೆ. ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳು ಕಣ್ತೆರೆಯುತ್ತಿದ್ದ ಕಾಲವದು. ಧಾರವಾಡದ ಡೆಪ್ಯೂಟಿ ಚನ್ನಬಸಪ್ಪನವರು ಆ ಶಾಲೆಗಳು ನಿಲ್ಲಲೆಂದು ಶ್ರಮಿಸಿದ ಕಾಲವೂ ಅದೇ. ಶಾಲೆ ತೆರೆಯುವುದು ಅಂದಿನವರ ಚಿಂತೆ. ಶಾಲೆಗಳಿದ್ದೂ ಮಗು ಬಾರದಿರುವುದು ಇಂದಿನ ಚಿಂತೆ.

ಕಾರ್ತಿಕದಲ್ಲಿ ಇಲ್ಲಿಯ ತಾಂಡಾಗಳ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಕೊಯ್ಲು, ಮಂಗಳೂರು, ಗೋವಾಗಳ ಕಟ್ಟಡದ ಕೆಲಸ ಇವು ದುಡಿಯುವ ಕೈಗಳನ್ನು ಕರೆಯುತ್ತವೆ. ಕೈಗಳ ಬೆನ್ನಿಗೆ ಮಕ್ಕಳೂ ಹೋಗುತ್ತಾರೆ. ಯುಗಾದಿಯ ಸುಮಾರಿಗೆ ತಿರುಗಿ ಬಂದಾಗ ಪರೀಕ್ಷೆ ಬಾಗಿಲಲ್ಲಿರುತ್ತದೆ. ಮನೆಯಲ್ಲಿ ಲಂಬಾಣಿ ನುಡಿ, ಶಾಲೆಯಲ್ಲಿ ಕನ್ನಡ; ನಾಲ್ಕು ತಿಂಗಳ ಬಿಡುವಿನಲ್ಲಿ ಕಲಿತ ಕನ್ನಡವೂ ಮಾಸಿಹೋಗಿರುತ್ತದೆ.

ಇಂಥ ಮಕ್ಕಳಿಗೆಂದು ಸರಕಾರದ ಶಿಕ್ಷಣ ಯೋಜನೆಯಲ್ಲಿ ಋತುಮಾನದ ವಸತಿ ಶಾಲೆಗಳ ಏರ್ಪಾಡಿದೆ. ಅಪ್ಪ ಅವ್ವ ದುಡಿಯಲು ಹೋದ ತಿಂಗಳುಗಳಲ್ಲಿ ಮಗು ಊರಿನಲ್ಲೇ ಉಂಡು, ಮಲಗಿ, ಓದಬಹುದು. ವರ್ಗಾವಣೆ ಪತ್ರವಿಲ್ಲವೆಂಬ ಕಾರಣಕ್ಕೆ ಯಾವ ಸರಕಾರಿ ಶಾಲೆಯೂ ಮಗುವನ್ನು ತಿರುಗಿ ಕಳುಹಿಸುವಂತಿಲ್ಲವೆಂದು 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಸ್ಪಷ್ಟಪಡಿಸಿದೆ. ಕಾಫಿ ತೋಟದ ಬಳಿಯ ಶಾಲೆಯಲ್ಲೂ ಆ ಮಗುವಿಗೆ ಹಕ್ಕಿನ ಸ್ಥಳವಿದೆ. ಇದು ತಾಂಡಾದ ಒಬ್ಬ ತಾಯಿಗೂ ತಿಳಿದಿರಲಿಲ್ಲ. ಒಂದು ಮನೆಯಲ್ಲಿ ಮಾತ್ರ ಮುದುಕಿಯೊಬ್ಬಳು ಮೊಮ್ಮಗಳನ್ನು ತನ್ನ ಬಳಿ ಉಳಿಸಿಕೊಂಡಿದ್ದಳು. “ನನಗ ಕಣ್ಣು ಕಾಣಂಗಿಲ್ಲ. ಆದ್ರ ಹತ್ತರ ಗಂಟಿ ಕೇಳ್ತೈತಿ, ಇಕಿನ್ನ ದಬ್ಬತೀನಿ” ಎಂದಳು. ಆ ತಾಂಡಾದ ನಿಜವಾದ ಹಾಜರಿ ಅಧಿಕಾರಿ ಆಕೆಯೇ!

2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿ ವಿಚಾರಣೆಗೆ ಎತ್ತಿಕೊಂಡಿತು. ಆ ಬಳಿಕ ನಿಯಮ ಬಿಗಿಯಾಗಿ, ಸತತ ಏಳು ದಿನ ಕಾರಣ ತಿಳಿಸದೆ ಬಾರದ ಮಗುವನ್ನು ಹೊರಗುಳಿದ ಮಗುವೆಂದು ಎಣಿಸಿ ಹುಡುಕಬೇಕೆಂದಾಯಿತು. ಒಳ್ಳೆಯ ನಿಯಮವೇ. ಆದರೆ ಐದು ದಿನ ತಪ್ಪಿಸಿ ಆರನೆಯ ದಿನ ಮುಖ ತೋರಿಸುವ ಮಗು ಯಾವ ನಿಯಮದ ಬಲೆಗೂ ಬೀಳುವುದಿಲ್ಲ. ಅದನ್ನು ಹಿಡಿಯಬಲ್ಲದ್ದು ಗುರುವಿನ ಕಣ್ಣು ಮಾತ್ರ.

ಮಾಘದಲ್ಲಿ ಸವಣೂರು

ನವಾಬರ ಸಂಸ್ಥಾನವಾಗಿದ್ದ ಸವಣೂರು ಎಲೆ, ಖಾರಗಳಿಗೆ ಹೆಸರಾದ ಊರು. 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಜನಿಸಿದ್ದು ಇಲ್ಲಿ. ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿರುವ ಆಫ್ರಿಕ ಮೂಲದ ಮೂರು ಮಹಾವೃಕ್ಷಗಳನ್ನು ನೋಡದೆ ಬರುವ ಯಾತ್ರಿಕನಿಲ್ಲ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಊರಿಗೆ ಊರೇ ಮರುಗಿತು. ಯಂತ್ರಗಳನ್ನು ತರಿಸಿ ಆ ಮರವನ್ನು ಎತ್ತಿ ಮತ್ತೆ ನೆಟ್ಟರು. ಎಲ್ಲರೂ ಹೆಸರಿಟ್ಟು ಬಲ್ಲ ಮರ ಅದು. ಬಿದ್ದಾಗ ಎಲ್ಲರಿಗೂ ತಿಳಿಯಿತು. ಶಾಲೆಯಿಂದ ಒಂದು ಮಗು ಸದ್ದಿಲ್ಲದೆ ಜಾರಿದಾಗ ಯಾರಿಗೂ ತಿಳಿಯುವುದಿಲ್ಲ.

ಮಾಘದಲ್ಲಿ ಎರೆ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ. ತಾಯಿ ಹೊಲಕ್ಕೆ ಹೋದರೆ ತೊಟ್ಟಿಲ ಕೂಸನ್ನು ನೋಡಿಕೊಳ್ಳುವವಳು ಐದನೆಯ ತರಗತಿಯ ಅಕ್ಕ. ಒಂದು ಶಾಲೆಯಲ್ಲಿ ಅಂಥ ಹುಡುಗಿಯೊಬ್ಬಳು ತಮ್ಮನನ್ನು ಟೊಂಕದ ಮೇಲೆ ಎತ್ತಿಕೊಂಡೇ ಬಂದಿದ್ದಳು. ಕೂಸು ಅತ್ತಾಗ ಹೊರಗೆ ಹೋಗುತ್ತಿದ್ದಳು, ಸುಮ್ಮನಾದಾಗ ಒಳಗೆ ಬರುತ್ತಿದ್ದಳು. ಮುಖ್ಯ ಗುರುಗಳು ಅದಕ್ಕೆ ಅಡ್ಡಿ ಮಾಡಿರಲಿಲ್ಲ. ಪಕ್ಕದ ಅಂಗನವಾಡಿಯ ಕಾರ್ಯಕರ್ತೆಯೊಂದಿಗೆ ಮಾತಾಡಿ, ಕೂಸನ್ನು ಅಲ್ಲಿ ಬಿಡಲು ತಾಯಿಯನ್ನು ಒಪ್ಪಿಸಿದ ಮೇಲೆ ಹುಡುಗಿಯ ಹೆಸರಿನ ಮುಂದಿನ ಮನೆಗಳು ಒಂದೊಂದಾಗಿ ತುಂಬಿದವು. ಉದ್ಯೋಗ ಖಾತರಿಯ ಕೂಲಿಕಾರರ ಮಕ್ಕಳಿಗೆಂದು ಸರಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆಯನ್ನು ತಂದಿತು. ತಮ್ಮನ ಪಾಲನೆಗೆ ಏರ್ಪಾಡಾದರೆ ಅಕ್ಕನ ಓದಿಗೆ ದಾರಿಯಾಗುತ್ತದೆಂಬುದು ಸಣ್ಣ ತಿಳಿವಳಿಕೆಯಲ್ಲ.

ಇಲ್ಲಿ ಅನ್ನದ ಮಾತನ್ನೂ ಹೇಳಬೇಕು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೂ ಬಂದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟವರು ಯಾರೋ ಪುಣ್ಯವಂತರು. 2013ರ ಆಗಸ್ಟ್‌ನಿಂದ ಹಾಲೂ ಬಂತು. ಹಸಿವು ತಡೆಯುತ್ತಿದ್ದ ಅನೇಕ ಮಕ್ಕಳನ್ನು ಇವು ಶಾಲೆಗೆ ತಂದವು. ಆದರೆ ಶರಣರ ದಾಸೋಹದಲ್ಲಿ ಅನ್ನದೊಂದಿಗೆ ಇನ್ನೊಂದಿತ್ತು: ಬಾರದವನನ್ನು ಏಕೆ ಬಾರಲಿಲ್ಲವೆಂದು ಕೇಳುವ ಅಕ್ಕರೆ. ಅನ್ನವನ್ನು ಸರಕಾರ ಕೊಡಬಲ್ಲದು. ಆ ಅಕ್ಕರೆಯನ್ನು ಊರು ಕೊಡಬೇಕು.

2020ರ ಮಾರ್ಚ್‌ನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಇದರ ಪ್ರತ್ಯಕ್ಷ ಅನುಭವವಾಯಿತು. ‘ವಿದ್ಯಾಗಮ’ದ ಹೆಸರಿನಲ್ಲಿ ಗುರುಗಳು ಕೆಲವು ತಿಂಗಳು ಗುಡಿಯ ಕಟ್ಟೆ, ಮಠದ ಜಗುಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಚಿಕ್ಕ ತರಗತಿಗಳ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಒಂದೂವರೆ ವರ್ಷದಲ್ಲಿ ಮಕ್ಕಳು ಕಳೆದುಕೊಂಡದ್ದು ಪಾಠವಷ್ಟೇ ಅಲ್ಲ, ದಿನವೂ ಬರುವ ರೂಢಿ. ರೂಢಿ ಮುರಿಯಲು ಹೊತ್ತು ಬೇಕಿಲ್ಲ. ಕೂಡಿಸಲು ವರ್ಷಗಳು ಬೇಕು.

ತಿರುಗಿ ಬಂದ ಮೇಲೆ

ನಾಲ್ಕು ಸೀಮೆಗಳಲ್ಲಿ ನಾಲ್ಕು ಕಾರಣಗಳನ್ನು ಕಂಡೆ. ಎಲ್ಲಿಯೂ ‘ಓದು ಬೇಡ’ ಎಂದ ತಾಯ್ತಂದೆಯರನ್ನು ಕಾಣಲಿಲ್ಲ. ಮಗು ಬಾರದಿರುವುದಕ್ಕೆ ಒಂದು ಋತುವಿದೆ, ಒಂದು ಬೆಳೆಯಿದೆ, ಒಂದು ತೊಟ್ಟಿಲಿದೆ, ಒಂದು ತುಂಬಿದ ಹಳ್ಳವಿದೆ. ಅದನ್ನು ತಿಳಿಯದೆ ದಂಡ, ಗದರಿಕೆಗಳಿಂದ ಹಾಜರಿ ಹೆಚ್ಚಿಸುವೆನೆಂಬುದು ಬೇರು ಬಿಟ್ಟು ಎಲೆಗೆ ನೀರೆರೆದಂತೆ.

ಇಷ್ಟೆಲ್ಲ ತಿಳಿದುಕೊಂಡು ಊರಿಗೆ ಮರಳಿದೆ. ನಾನು ಬಾಲ್ಯದಿಂದ ಉಂಡು ಬೆಳೆದ ಮಠದಲ್ಲಿ ಜಾತ್ರೆಯ ಸಿದ್ಧತೆ ನಡೆದಿತ್ತು. ಬುಧವಾರ ಮಧ್ಯಾಹ್ನ. ಎಂಟು ಹತ್ತು ಹುಡುಗರು ದಾಸೋಹದ ಪಾತ್ರೆಗಳನ್ನು ಬೆಳಗುತ್ತಿದ್ದರು, ಪಲ್ಲಕ್ಕಿಯ ಹಿತ್ತಾಳೆ ಒರೆಸುತ್ತಿದ್ದರು. ಅವರ ಮೈಮೇಲೆ ಶಾಲೆಯ ಸಮವಸ್ತ್ರವಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. “ಸೋಮವಾರದಿಂದ್ರೀ ಅಜ್ಜಾರ” ಎಂದ ಒಬ್ಬ, ಹೆಮ್ಮೆಯಿಂದ. ನನಗೆ ಮುಖ ಎತ್ತಲಾಗಲಿಲ್ಲ. ಹಿಂದಿನ ವರ್ಷ ನನ್ನ ಹಳೆಯ ಪುಸ್ತಕಗಳ ಧೂಳು ಕೊಡವಲು ಇದೇ ಹುಡುಗರಲ್ಲಿ ಇಬ್ಬರನ್ನು ಮೂರು ದಿನ ಕರೆಸಿಕೊಂಡವನು ನಾನೇ. ಆಗ ಅದು ಸೇವೆಯೆಂದು ತೋರಿತ್ತು. ಹಿರೇಕೆರೂರಿನ ರೈತನ ಸಾಲವಾದರೂ ಅವನನ್ನು ಒತ್ತಾಯಿಸಿತ್ತು, ನನ್ನನ್ನು ಒತ್ತಾಯಿಸಿದ್ದೇನು? ಸೋಮಾರಿತನವಲ್ಲದೆ ಮತ್ತೇನೂ ಅಲ್ಲ.

ಜಾತ್ರಾ ಸಮಿತಿಯ ಹಿರಿಯರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು ಒಂದು ಬಿನ್ನಹ ಮಾಡಿದೆ. ಶಾಲೆ ಬಿಡುವ ಮುಂಚೆ ಯಾವ ಮಗುವನ್ನೂ ಮಠದ ಕೆಲಸಕ್ಕೆ ಕರೆಯಬಾರದು. ಸೇವೆ ಮಾಡಬಯಸುವ ಮಕ್ಕಳು ಸಂಜೆ ಬರಲಿ. ಕೆಲವರು ಹುಬ್ಬೇರಿಸಿದರು. “ಮಠದ ಸೇವಾಕ್ಕೂ ಸಮಯ ನೋಡಬೇಕೇನ್ರೀ?” ಎಂದರು. ಕೊನೆಗೆ ಒಪ್ಪಿದರು. ಆ ವರ್ಷ ಪಾತ್ರೆಗಳನ್ನು ಬೆಳಗಿದವರು ದೊಡ್ಡವರು. ನಾನೂ ಎರಡು ಹಂಡೆ ತಿಕ್ಕಿದೆ.

ವಾಚಕ ಬಂಧುಗಳೇ, ಮದುವೆ, ಗೃಹಪ್ರವೇಶ, ಅಯ್ಯಾಚಾರ, ಜಾತ್ರೆ ಇವು ನಮ್ಮ ಮನೆಗಳ ಸಂಭ್ರಮಗಳು. ಅವಕ್ಕಾಗಿ ಕಳೆಯುವ ದಿನಗಳನ್ನು ಒಮ್ಮೆ ಅಡ್ಡಲಾಗಿ ಓದಿ ನೋಡಿರಿ. ನಿಮ್ಮ ಮಗುವಿನ ಹೆಸರಿನ ಮುಂದೆ ಎಷ್ಟು ಮನೆಗಳು ಖಾಲಿ ಉಳಿದಿವೆ? ನೆರೆಮನೆಯ ಬಡವನ ಮಗುವಿನ ಮುಂದೆ ಎಷ್ಟು? ಪ್ರತಿ ಶಾಲೆಯಲ್ಲಿ 2001ರಿಂದ ಇರುವ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತವರು ತಿಂಗಳಿಗೊಮ್ಮೆ ಆ ಪುಸ್ತಕವನ್ನು ಹಾಗೆ ಓದಲಿ. ಬಾರದ ಮಗುವಿನ ಮನೆಗೆ ಇಬ್ಬರು ನಡೆದು ಹೋಗಲಿ.

ನನ್ನ ಮಟ್ಟಿಗೆ ಒಂದು ನೇಮ ಹಿಡಿದಿದ್ದೇನೆ. ಯಾವ ಊರಿಗೆ ಪ್ರವಚನಕ್ಕೆ ಹೋದರೂ ಭಕ್ತರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಾಗ, ಮೊದಲ ತುತ್ತಿನ ಮುಂಚೆ ಕೇಳುತ್ತೇನೆ: “ನಿಮ್ಮ ಕೂಸು ಇವತ್ತು ಸಾಲಿಗೆ ಹೋಗಿತ್ತೇನವಾ?”